ಸೇದದವಳ ಉಸಿರಲ್ಲಿ ಹೊಗೆ

ಸೌದೆ ಉರಿಸಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಿಂದ ಬಸುರಿಯರನ್ನು ದೂರವಿಡುತ್ತೇನೆ ಎಂದು ನಮ್ಮೂರ ಬ್ಯಾರನ್ ಮಾಲೀಕರು ಮಾತು ಕೊಟ್ಟಿದ್ದರು. ಈಗ ಅಂಥ ಮಾತೇ ಆಡಿಲ್ಲವಂತೆ.

ಗೆಳೆಯರೇ, ಇಂದು ಪಿರಿಯಾಪಟ್ಟಣದಿಂದ ಬಂದ ನರ್ಸ್, ಬಸುರಿಯರಿಗೆ ಬೀಡಿ ಚಟ ಬಿಡಿಸಲು ಉಸಿರಲ್ಲಿನ ಹೊಗೆವಿಷ ಅಳೆಯುವ ಯಂತ್ರ ತಂದಿದ್ದರು. ಬ್ಯಾರನ್ ಕೆಲಸದ ಬಸುರಿ ಮಂಜುಳಾ ಊದಿದಳು. ಕೆಂಪು ದೀಪ ಹೊತ್ತಿತು.

"ನಿಜ ಹೇಳಮ್ಮ, ಬೀಡಿ ಸೇದ್ತೀಯಾ?"

"ಸೇದಲ್ಲ ಕಣಕ್ಕ, ಬೇಯ್ಸ್ತೀನಿ."

ಯಂತ್ರವೇ ಕೆಟ್ಟಿರಬೇಕೆಂದು ನರ್ಸ್ ತಾವೇ ಊದಿದರು. ಹಸಿರು. ಮಂಜುಳಾ ಮತ್ತೆ ಊದಿದಳು. ಕೆಂಪು, ಜೊತೆಗೆ ಒಂದರ ಕೆಳಗೊಂದು ಎರಡು ಅಂಕಿ.

"ಎರಡನೇದು ಯಾರ್ದಕ್ಕ?"

"ಹೊಟ್ಟೇಲಿರೋ ಮಗೂದು."

"ಅಂಗಾರೆ ಅದೂ ಸೇದ್ತಾ ಐತಾ?"

ಮಂಜುಳಾ ಉಸಿರು ಬಿಗಿಹಿಡಿದು ಕೂತುಬಿಟ್ಟಳು.

ನರ್ಸ್ 'ಚಟ ಬಿಡಿ' ಎಂಬ ಕರಪತ್ರ ಕೊಟ್ಟು ಹೋದರು. ಚಟ ಯಾರದೆಂದು ಸೋಮವಾರ ಬೆಳಗ್ಗೆ ಹತ್ತಕ್ಕೆ, ಬ್ಯಾರನ್ ಬಾಗಿಲಲ್ಲೇ ಮಾಲೀಕರನ್ನು ಕೇಳೋಣ.