ಕುಬುಸಕ್ಕೆ ಬರ್ರಿ ಎಂದು ಬರೆದ ಕಾರ್ಡು

ನನ್ನ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಮೊನ್ನೆ ತೊಟ್ಟಿಲಿಗೆ ಹಾಕಿದೆವು. ಮೂಗು ನನ್ನದೇ, ಯಾರು ಏನೇ ಅನ್ನಲಿ. ಹಣೆ ಮಾತ್ರ ಅವರಪ್ಪನ ಕಡೆಯದು. ಇರಲಿ, ಅವರಿಗೂ ಒಂದಿಷ್ಟು ಬೇಕಲ್ಲ. ತೊಟ್ಟಿಲ ಮುಂದೆ ಕೂತರೆ ನನಗೆ ಊಟದ ನೆನಪಾಗುವುದಿಲ್ಲ. ಕೂಸು ಆಕಳಿಸಿದ್ದು, ಸೀನಿದ್ದು, ನಿದ್ದೆಯಲ್ಲಿ ನಕ್ಕಿದ್ದು ಎಲ್ಲವನ್ನೂ ಬಂದವರಿಗೆ ಹೇಳುತ್ತೇನೆ. ಹಾಲು ಹಾಕುವವನಿಗೂ ಹೇಳಿದ್ದೇನೆ. ಪಾಪ, ಕ್ಯಾನು ಹಿಡಿದು ನಿಂತು ಕೇಳಿದ.

ನಾನು ಮೊದಲಿನಿಂದಲೂ ಹಾಗೇ. ಸಂತೋಷ ನನ್ನ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ಅದಕ್ಕೇ ಮೊಮ್ಮಗಳಿಗೆ ಒಂದು ಆಶ್ಚರ್ಯ. ಮುಟ್ಟಿನ ದಿನ ನಿಂತಾಗ ಅವಳು ಮೊದಲು ಫೋನು ಮಾಡಿದ್ದು ನನಗೆ. "ಮೂರು ತಿಂಗಳಾಗೂಮಟಾ ಯಾರಿಗೂ ಹೇಳಬ್ಯಾಡ ಅಜ್ಜಿ" ಅಂದಿದ್ದಳು. ನಾನು ಹೇಳಲಿಲ್ಲ. ಅವಳ ಹಡೆದವ್ವನಿಗೆ, ಅಂದರೆ ನನ್ನ ಹೊಟ್ಟೆಯ ಮಗಳಿಗೂ ಹೇಳಲಿಲ್ಲ. ಇವತ್ತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಮೊಮ್ಮಗಳು ಕೇಳಿಯೇಬಿಟ್ಟಳು.

"ಖರೇ ಹೇಳು, ಎರಡು ತಿಂಗಳು ನೀ ಹ್ಯಾಂಗ ತಡಕೊಂಡಿ? ನಿನ್ನ ಹೊಟ್ಟಿನs ಒಡೀತೈತಿ ಅಂತ ಮಾಡಿದ್ದೆ ನಾ."

"ಹಿಂದ ಒಮ್ಮೆ ತಡಕೊಳ್ಳಲಾರದ ಕೆಟ್ಟೀನಿ ಬೇ" ಅಂದೆ.

ಮುಂದಿನದನ್ನು ಬಾಯಿಂದ ಹೇಳಲು ಆಗಲಿಲ್ಲ. "ಹಂಗಾರ ಬರಿ. ಸಾಲ್ಯಾಗ ನಾಕನೇತ್ತಾ ಪಾಸ ಅದಿಯಲ್ಲಾ" ಎಂದು ಒಂದು ನೋಟ್‌ಬುಕ್ಕು, ಪೆನ್ನು ಕೊಟ್ಟಳು. ಎಣ್ಣೆಗೈ ತೊಳೆದುಕೊಂಡು ಕೂತಿದ್ದೇನೆ.

ಎಂಬತ್ತರ ದಶಕದ ಮಾತು. ನಮ್ಮದು ಮೊರಬದ ಬಾಜೂ ಒಂದು ಹಳ್ಳಿ. ಕರಿ ಮಣ್ಣಿನ ಸೀಮೆ. ಮಳೆಯಾದರೆ ಕಾಲು ಮೇಲೆ ಬರುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ನಾವು ಏಳು ಮಂದಿ ಹೆಂಗಸರು ಒಂದು ಗುಂಪು ಕಟ್ಟಿಕೊಂಡು ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆವು. ಬೆಳಿಗ್ಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಹೋಗುವುದು, ಸಂಜೆ ಅದರಲ್ಲೇ ತಿರುಗಿ ಬರುವುದು. ಏಳು ಮಂದಿಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಆ ಸೊಕ್ಕು ಭಾಳ ಇತ್ತು. ಭಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಎಲ್ಲರಿಗೂ ಕೇಳುವಂತೆ ಓದುತ್ತಿದ್ದೆ.

ಆ ಹುಡುಗಿ ಕಾರಹುಣ್ಣಿಮೆ ಮುಗಿದ ಮೇಲೆ ಬಂದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಕೈಯಲ್ಲಿ ಒಂದು ಸೀರೆಯ ಗಂಟು. ಒಬ್ಬಂಟಿ ಮುದುಕಿಯೊಬ್ಬಳ ಪಡಸಾಲೆಯಲ್ಲಿ ಇಳಿದುಕೊಂಡು ನಮ್ಮ ಗುಂಪಿಗೆ ಎಂಟನೆಯವಳಾದಳು. ಮೊದಲ ದಿನವೇ ಗುಂಪಿನ ಹಿರಿಯಾಕೆ ವಿಚಾರಣೆ ನಡೆಸಿದಳು.

"ಯಾವೂರಾಕಿ ಬೇ? ಯಾರ ಪೈಕಿ?"

ಹುಡುಗಿ ಕುಬಿಹಾಳದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು.

"ಗಂಡ?"

"ಗೋವಾದಾಗ ಗೌಂಡಿ ಕೆಲಸಕ್ಕ ಹೋಗ್ಯಾರ್ರಿ."

ಕೊರಳಲ್ಲಿ ತಾಳಿ ಇತ್ತು. ಗಂಡನನ್ನು ನಾವ್ಯಾರೂ ನೋಡಲಿಲ್ಲ. ಆ ದಿನದ ನಂತರ ತವರಿನ ಮಾತು ಬಂದರೆ ಅವಳು ಬೇರೆ ಮಾತು ತೆಗೆಯುತ್ತಿದ್ದಳು.

ಕೆಲಸದಲ್ಲಿ ಅವಳ ಮುಂದೆ ನಾವು ಏನೂ ಅಲ್ಲ. ಕುರ್ಪಿ ಹಿಡಿದು ಕೂತರೆ ಎಲ್ಲರಿಗಿಂತ ಮೊದಲು ಅವಳ ಸಾಲು ಮುಗಿಯುತ್ತಿತ್ತು. ಆಮೇಲೆ ಬದುವಿನ ಮೇಲೆ ಕೂರುತ್ತಿರಲಿಲ್ಲ. ನನ್ನ ಸಾಲನ್ನು ಆ ತುದಿಯಿಂದ ಹಿಡಿದು ಎದುರು ಬರುತ್ತಿದ್ದಳು. ನಾನು ಮಾತಾಡುತ್ತಾ ಮಾತಾಡುತ್ತಾ ಯಾವಾಗಲೂ ಹಿಂದೆ.

"ಅಕ್ಕಾ, ನಿನ್ನ ಬಾಯಿ ಓಡಿದಷ್ಟು ಕುರ್ಪಿ ಓಡಿದ್ರ ಈ ಊರ ಹೊಲಾ ಎಲ್ಲಾ ಒಪ್ಪತ್ತಿನಾಗ ಮುಗೀತಿತ್ತು."

"ನಾ ಸುಮ್ಮನಾದ್ರ ನಿನಗ ಹೊತ್ತು ಹೋಗತೈತೇನು?"

"ಇಲ್ಲ. ಅದಕ್ಕs ಎದುರು ಬಂದೀನಿ" ಎಂದು ನಗುತ್ತಿದ್ದಳು.

ಶ್ರಾವಣ ಕಳೆದ ಮೇಲೆ ಒಂದು ದಿನ ಜಾಲಿ ಗಿಡದ ನೆರಳಲ್ಲಿ ಬುತ್ತಿ ಉಂಡು ಏಳುವಾಗ ಅವಳು ಸೊಂಟಕ್ಕೆ ಕೈ ಕೊಟ್ಟದ್ದು ನೋಡಿದೆ. ಉಳಿದವರು ಮುಂದೆ ಹೋಗಿದ್ದರು. "ಎಷ್ಟರಾಗ ಅದಿ?" ಅಂದೆ. "ಐದರಾಗ" ಅಂದಳು. "ಅಯ್ಯ ನನ ಮಗಳs!" ಎಂದು ನಾನು ಕೂಗುವುದರೊಳಗೆ ನನ್ನ ಬಾಯಿ ಮುಚ್ಚಿದಳು. ಆ ಕೈ ಹಸಿ ಕಳೆಯ ವಾಸನೆ ಹೊಡೆಯುತ್ತಿತ್ತು.

"ಯಾರಿಗೂ ಹೇಳಬ್ಯಾಡ ಅಕ್ಕಾ, ನಿನ್ನ ಕಾಲ ಬೀಳತೀನಿ. ಹಡದ ಮ್ಯಾಲೆ ಎಲ್ಲಾ ಹೇಳತೀನಿ. ಅಲ್ಲೀಮಟಾ ಇಲ್ಲಿ ಇದ್ದು ಹಡದ್ರ ಸಾಕು ನನಗ."

ಆಣೆ ಮಾಡಿದೆ. ಗುಂಪಿನವರಿಗೆ ಅವಳ ಹೊಟ್ಟೆಯೇ ಹೇಳಿತು, ನಾನು ಹೇಳಬೇಕಾಗಲಿಲ್ಲ. ಊರೊಳಗೆ ಗೊತ್ತಾದರೆ ಅವಳಿಗೆ ಅಷ್ಟು ಭಯವಿರಲಿಲ್ಲ. ಸುದ್ದಿ ಊರು ದಾಟಬಾರದಿತ್ತು. ಅದು ಈಗ ತಿಳಿಯುತ್ತದೆ.

ಸೀಗಿ ಹುಣ್ಣಿಮೆ ಬಂತು. ಜೋಳ ಹೊಡೆ ತುಂಬಿ ನಿಲ್ಲುವ ಕಾಲ. ಭೂಮಿತಾಯಿ ಬಸುರಿ ಎಂದು ಹೊಲಕ್ಕೆ ಅಡಿಗೆ ಒಯ್ದು ಚರಗ ಚೆಲ್ಲುವ ಹಬ್ಬ. ಹೊಲದ ಒಡತಿ ಕಡಬು, ಸಜ್ಜಿ ರೊಟ್ಟಿ, ಐದು ನಮೂನಿ ಪಲ್ಲೆ ತಂದಿದ್ದಳು. ಭೂಮಿಗೆ ಚೆಲ್ಲಿದ ಮೇಲೆ ನಮಗೂ ಹಾಕಿದಳು. ಹುಡುಗಿ ಗಿಡಕ್ಕೆ ಒರಗಿ ಉಣ್ಣುತ್ತಿದ್ದಳು. ಭೂಮಿಗೂ ಬಯಕೆ ಊಟ ಉಂಟು, ಈ ಹುಡುಗಿಗೆ ಒಂದು ಕುಬುಸ ಇಲ್ಲ. ನಮ್ಮ ಕಡೆ ಚೊಚ್ಚಿಲ ಬಸುರಿಗೆ ಐದರಲ್ಲೋ ಏಳರಲ್ಲೋ ತವರಿನವರು ಬಂದು ಹಸಿರು ಸೀರೆ, ಹಸಿರು ಕುಬುಸ ಕೊಟ್ಟು ಉಡಿ ತುಂಬಬೇಕು. ತವರಿನವರ ಹೊರತು ಬೇರೆಯವರು ಮಾಡಿದರೆ ಅದು ಕುಬುಸವೇ ಅಲ್ಲ ಎಂದು ನಾವು ತಿಳಿದವರು. ಐದು ದಾಟಿತ್ತು. ಏಳು ಹತ್ತಿರ ಬಂದಿತ್ತು.

ತಾಯಿ ಮಗಳಿಗೆ ಏನೋ ಮುನಿಸಿರಬೇಕು, ಕುಬುಸದ ನೆಪದಲ್ಲಿ ಕರಗಿ ಹೋಗುತ್ತದೆ ಅಂದುಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ್ದೆ ನಿಜ. ಹಡೆದವ್ವ ಅದರಲ್ಲಿ ಬರುತ್ತಾಳೇನು? ಹೀಗೆ ನನಗೆ ನಾನೇ ಕೇಳಿಕೊಂಡು ನಾನೇ ಉತ್ತರ ಹೇಳಿಕೊಂಡೆ.

ಮರುದಿನ ಒಂದು ಕಾರ್ಡು ತಂದು ಬಾಗಿಲಲ್ಲಿ ಕೂತು ಬರೆದೆ. ಎರಡು ಸಾಲು ಬರೆದು ನಿಲ್ಲಿಸಬಹುದಿತ್ತು. ನನ್ನ ಖುಷಿ ಎಲ್ಲಿ ನಿಲ್ಲುತ್ತದೆ? ಕಾರ್ಡು ತುಂಬಿತು, ಅಂಚು ತುಂಬಿತು, ಮೂಲೆ ತುಂಬಿತು. ವಿಳಾಸದ ಪಕ್ಕದಲ್ಲೂ ಸಣ್ಣಗೆ ಬರೆದೆ. ನಮ್ಮ ಊರ ಹೆಸರು, ಮುದುಕಿಯ ಮನೆಯ ಗುರುತು ಹಾಕಿದೆ. ಕೊನೆಗೆ 'ನಿಮ್ಮ ಮಗಳ ಗೆಳತಿ' ಎಂದಷ್ಟೇ ಬರೆದು ಡಬ್ಬಿಗೆ ಹಾಕಿದೆ. ಕಾರ್ಡನ್ನು ಯಾರು ಬೇಕಾದರೂ ಓದಬಹುದು, ಆ ಮನೆಯಲ್ಲಿ ಓದು ಬಲ್ಲವನು ಅದನ್ನು ಅಂಗಳದಲ್ಲಿ ನಿಂತು ಎಲ್ಲರಿಗೂ ಓದುತ್ತಾನೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ನಾಲ್ಕು ದಿನ ಹೇಗೋ ಸುಮ್ಮನಿದ್ದೆ. ಐದನೆಯ ದಿನ ಅವಳು ನನ್ನ ಪಕ್ಕದ ಸಾಲಿನಲ್ಲಿದ್ದಳು.

"ನಿನಗೊಂದು ಖುಷಿ ಸುದ್ದಿ ಐತಿ" ಅಂದೆ.

"ಏನು, ನಾಳಿಂದ ಬಾಯಿಗೆ ಕೀಲಿ ಹಾಕತಿಯೇನು?"

"ನಿಮ್ಮವ್ವ ಬರತಾಳ ನೋಡು, ಕುಬಸಾ ತಗೊಂಡು. ನಾ ಕಾರ್ಡು ಬರದೀನಿ."

ಅವಳ ಕುರ್ಪಿ ನಿಂತಿತು.

"ಯಾರ ಹೆಸರಿಗೆ?"

"ನಿಮ್ಮಪ್ಪನ ಹೆಸರಿಗೆ."

"ಈ ಊರ ಹೆಸರ ಬರದಿಯೇನು?"

"ಬರೀದಿದ್ರ ಹ್ಯಾಂಗ ಬರತಾರ?"

"ಹಾಕಿ ಎಷ್ಟು ದಿನಾ ಆತು?"

"ಇವತ್ತಿಗೆ ಐದು."

ಅವಳು ಬಯ್ಯಲಿಲ್ಲ. ಬೈದಿದ್ದರೆ ನನಗೆ ಏನಾದರೂ ತಿಳಿಯುತ್ತಿತ್ತು. "ಭಾಳ ಬರದಿಯೇನು?" ಎಂದು ಕೇಳಿದಳು.

"ಮೂಲಿಮೂಲಿಗೂ ಬರದೀನಿ."

"ನೀ ಹಂಗs ಅಕ್ಕಾ" ಎಂದು ಮತ್ತೆ ಬಗ್ಗಿದಳು. ತನ್ನ ಸಾಲು ಮುಗಿಸಿದಳು. ಎಂದಿನಂತೆ ನನ್ನ ಸಾಲಿಗೆ ಎದುರು ಬಂದಳು. ಸಂಜೆ ಟ್ರೇಲರ್ ಹತ್ತುವಾಗ ನನ್ನ ಕೈ ಹಿಡಿದವಳು ಊರು ಬಂದು ಇಳಿಯುವ ತನಕ ಬಿಡಲಿಲ್ಲ. ಬಸುರಿ, ಜೋಲಿ ಹೋಗಬಾರದೆಂದು ಹಿಡಿದಿದ್ದಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ನಿಲ್ಲುವ ಜಾಗಕ್ಕೆ ಅವಳು ಬರಲಿಲ್ಲ. ಮನೆಗೆ ಹೋಗಿ ಕೇಳಿದರೆ ಮುದುಕಿ, "ನಸಿಕಿನಾಗ ಎದ್ದು ಹೊರಗ ಹ್ವಾದಾಕಿ ಇನ್ನೂ ಬಂದಿಲ್ಲ" ಅಂದಳು. ಸೀರೆಯ ಗಂಟು ಇರಲಿಲ್ಲ. ಕುರ್ಪಿಯನ್ನು ತೊಳೆದು ಗೋಡೆಗೆ ಒರಗಿಸಿ ಇಟ್ಟಿದ್ದಳು.

ನಮ್ಮ ಊರಲ್ಲಿ ಬಾವಿಯ ನೀರು ಸವಳು. ಕುಡಿಯಲು ಒಂದೇ ಕೆರೆ. ಎರಡನೆಯ ದಿನ ಹೆಂಗಸರು ಕೊಡ ಹಿಡಿದು ಕೆರೆಯ ದಂಡೆಯಲ್ಲಿ ನಿಂತುಬಿಟ್ಟರು. ಯಾರೂ ಕೊಡ ಮುಳುಗಿಸಲಿಲ್ಲ. "ಅಕಿ ಇದರಾಗs ಬಿದ್ದಿದ್ರ ನೀರ ಕುಡಿಯೂದು ಹ್ಯಾಂಗ?" ಎಂದು ಒಬ್ಬಳು ಅಂದಳು. ಆಗ ನಾಲ್ಕು ಜನ ಗಂಡಸರು ಇಳಿದರು. ಮಧ್ಯಾಹ್ನದವರೆಗೆ ಈಜಿ, ಗಳದಿಂದ ತಡಕಾಡಿ, "ಏನಿಲ್ಲ, ತುಂಬಿಕೊಳ್ರಿ" ಎಂದು ಕೂಗಿದರು. ಎಲ್ಲರೂ ತುಂಬಿಕೊಂಡೆವು. ಅವಳನ್ನು ಹುಡುಕುವುದು ಅಲ್ಲಿಗೆ ಮುಗಿಯಿತು. ಪೊಲೀಸರಿಗೆ ತಿಳಿಸೋಣ ಎಂದರೆ ಹಿರಿಯರು, "ನಮ್ಮೂರ ಮಗಳಲ್ಲ, ನಮ್ಮೂರ ಸೊಸಿ ಅಲ್ಲ. ಯಾರ ಹೆಸರ್ಲೆ ಬರಸೂದು?" ಅಂದರು. ನಾನೂ ನನ್ನ ಕೊಡ ಹೊತ್ತುಕೊಂಡು ಮನೆಗೆ ಬಂದೆ.

ಮೂರನೆಯ ದಿನ ಬಸ್ಸಿನಿಂದ ಇಬ್ಬರು ಗಂಡಸರು ಇಳಿದರು. ಅಣ್ಣಂದಿರು ಅಂತೆ. ನಾವು ಹೊಲದಿಂದ ಬಂದು ಇಳಿಯುತ್ತಿದ್ದಂತೆ ದೊಡ್ಡವನು ಎದುರು ನಿಂತು ಕಾರ್ಡು ಎತ್ತಿ ಹಿಡಿದ. "ಇದನ್ನ ಬರದಾಕಿ ಯಾರು?"

ಅವರ ಕೈಯಲ್ಲಿ ಉಡಿ ತುಂಬುವ ಸಾಮಾನು ಇರಲಿಲ್ಲ. ಆ ಮುಖಗಳಲ್ಲಿ ಇದ್ದದ್ದು ಸಿಟ್ಟೋ ಸಂಕಟವೋ, ಇವತ್ತಿಗೂ ಹೇಳಲಾರೆ. ಎಲ್ಲರಿಗೂ ಗೊತ್ತಿತ್ತು. ಹಿರಿಯಾಕೆ ಮಾತ್ರ ಬಾಯಿ ತೆರೆದಳು: "ನಾವೆಲ್ಲಾ ಹೆಬ್ಬಟ್ಟಿನವರೋ ಯಪ್ಪಾ. ನಮಗ್ಯಾರು ಸಾಲಿ ಕಲಿಸ್ಯಾರ?"

ನಾನು ನೆಲ ನೋಡುತ್ತಾ ನಿಂತೆ. ಊರಿಗೆಲ್ಲ ಕೇಳುವಂತೆ ಭಜಿ ಕಾಗದ ಓದುತ್ತಿದ್ದವಳು ಆವತ್ತು ಹೆಬ್ಬಟ್ಟಿನವಳಾದೆ. ನಾನೇ ಬರೆದವಳು ಎಂದು ಮುಂದೆ ಬಂದಿದ್ದರೆ ಒಂದು ಮಾತು ಕೇಳಬಹುದಿತ್ತು. ನೀವು ಯಾಕೆ ಬಂದಿರಿ? ಅವಳು ಯಾಕೆ ಓಡಿ ಬಂದಿದ್ದಳು? ಗೊತ್ತಿದ್ದವರು ನನ್ನ ಎದುರಿಗೇ ಇದ್ದರು. ಅವರು ಬಸ್ ಹತ್ತಿ ಹೋದರು.

ದೀಪಾವಳಿ ಕಳೆದ ಮೇಲೆ ಅವಳ ತಾಯಿ ಬಂದಳು. ಒಬ್ಬಳೇ. ಮಗಂದಿರು ಕೇಳಿದ ಹಾಗೆ ಕೇಳಲಿಲ್ಲ. "ಈ ಊರಾಗ ಓದಾಕ ಬರೂ ಹೆಣಮಗಳು ಯಾರದಾರ್ರಿ?" ಎಂದು ಕೇಳಿಕೊಂಡು ನೇರ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಗಂಟು ಬಿಚ್ಚಿದಳು. ಹಸಿರು ಕುಬುಸ ಹೊಲಿಸುವ ಕಣದ ಬಟ್ಟೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಒಂದು ಡಬ್ಬಿ ಹುಣಸೆ ತೊಕ್ಕು.

"ಹುಳಿ ಬೇಡತಾಳ ಅಂತ ಬರದಿದ್ದಿ" ಅಂದಳು.

"ಅವ್ವಾ, ಅಕಿ ಇಲ್ಲ..."

"ಹುಡುಗರೂ ಹಂಗs ಹೇಳ್ಯಾರ. ಹುಡುಗರು ಹೇಳೂದು ಎಲ್ಲಾ ಖರೇ ಇರೂದಿಲ್ಲ ಅಂತ ನಾನs ಬಂದೆ."

ಈ ಸಲ ಕೇಳಿದೆ. "ಮನಿ ಬಿಟ್ಟು ಯಾಕ ಬಂದಿದ್ಲು?" ತಾಯಿ ಹಾದಿಯ ಕಡೆ ನೋಡಿ, "ಮನಿ ಮಾತು ಬಿಡು" ಅಂದಳು. ಆಮೇಲೆ ನನ್ನ ಹತ್ತಿರ ಸರಿದಳು.

"ಆ ಕಾರ್ಡು ದೊಡ್ಡ ಮಗನ ಹಂತ್ಯಾಕ ಐತಿ, ನನಗ ಕೊಡವಲ್ಲ. ಒಂದs ಸಲ ಓದಿ ಹೇಳ್ಯಾನ. ನೀ ಹಂಗs ಇನ್ನೊಂದು ಬರದು ಕೊಡವಾ. ಯಾರ ಕಡಿಂದರ ಓದಿಸಿ ಕೇಳತೀನಿ. ಅಕಿ ನಗತಾಳ ಅಂತ ಬರದಿದ್ದೆಲ್ಲಾ, ಅದನ್ನೂ ಬರಿ."

"ಇಲ್ಲವ್ವಾ. ಇನ್ನ ನಾ ಏನೂ ಬರಿಯಂಗಿಲ್ಲ" ಅಂದೆ.

ಈ ಕೈ ಮಾಡಿದ್ದು ಸಾಕು ಎಂದು ನನ್ನ ಮನಸ್ಸಿನಲ್ಲಿ. ಅಣ್ಣಂದಿರಿಗೆ ಗೊತ್ತಾದರೆ ಎಂಬ ಭಯವೂ ಇತ್ತು. ತಾಯಿ ಎರಡನೆಯ ಸಲ ಕೇಳಲಿಲ್ಲ. "ಹೊತ್ತು ತಂದೀನಿ, ತಿರುಗಿ ಒಯ್ಯಾಕ ಆಗೂದಿಲ್ಲ" ಎಂದು ರೊಟ್ಟಿ, ತೊಕ್ಕು ನನ್ನ ಮುಂದೆ ಇಟ್ಟಳು. ಕುಬುಸದ ಕಣವನ್ನು ಮಾತ್ರ ಮಡಿಚಿ ಚೀಲದೊಳಗೆ ಇಟ್ಟುಕೊಂಡು ಹೋದಳು. ಬರೆದು ಕೊಡಲು ಅರ್ಧ ತಾಸು ಸಾಕಾಗುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಆಮೇಲೆ ಅಣ್ಣಿಗೇರಿ ಸಂತೆಯಲ್ಲಿ, ನವಲಗುಂದದ ಬಸ್ಸುಗಳಲ್ಲಿ, ಗೋವಾಕ್ಕೆ ದುಡಿಯಲು ಹೋಗಿ ಬಂದವರಲ್ಲಿ ಎಷ್ಟೋ ಮಂದಿಯನ್ನು ಆ ಹುಡುಗಿಯ ಬಗ್ಗೆ ಕೇಳಿದೆ. ಯಾರಿಗೂ ಗೊತ್ತಿಲ್ಲ. ಅವಳು ಹಡೆದಿದ್ದರೆ ಆ ಕೂಸಿಗೆ ಈಗ ನಲವತ್ತರ ಹತ್ತಿರ. ನಮ್ಮ ಕೂಸು ಸೀನಿದ್ದನ್ನು ನಾನು ಹಾಲಿನವನಿಗೂ ಹೇಳುತ್ತೇನೆ. ಆ ತಾಯಿಗೆ ಮಗಳ ಸುದ್ದಿ ಎಂದು ಸಿಕ್ಕಿದ್ದು ಒಂದೇ ಕಾರ್ಡು, ಅದನ್ನೂ ಒಂದೇ ಸಲ ಕೇಳಿದ್ದಳು. ನಾನು ಇನ್ನೊಮ್ಮೆ ಬರೆದು ಕೊಡಲಿಲ್ಲ.

ಆ ತಾಯಿ ಈಗ ಇರಲಿಕ್ಕಿಲ್ಲ. ಆದರೂ ಆ ಕಾರ್ಡನ್ನು ಇನ್ನೊಮ್ಮೆ ಬರೆಯುತ್ತೇನೆ, ನೆನಪಿದ್ದಷ್ಟು. ಊರ ಹೆಸರು, ಮನೆಯ ಗುರುತು ಈ ಸಲ ಹಾಕುವುದಿಲ್ಲ.

ಅವ್ವಾರಿಗೆ ನಮಸ್ಕಾರ. ನಿಮ್ಮ ಮಗಳು ಆರಾಮ ಇದ್ದಾಳೆ. ನಿಮಗೆ ಮೊಮ್ಮಗು ಬರುವುದಿದೆ. ಆರರಲ್ಲಿ ಇದ್ದಾಳೆ, ಆದರೂ ಕೆಲಸದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ತನ್ನ ಸಾಲು ಮುಗಿಸಿ ನನ್ನ ಸಾಲಿಗೆ ಬರುತ್ತಾಳೆ. ಹುಳಿ ಬೇಡುತ್ತಾಳೆ, ಹುಣಸೆಯ ಎಳೆಗಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ. ನನ್ನನ್ನು ಭಾಳ ಕಾಡುತ್ತಾಳೆ, ಭಾಳ ನಗುತ್ತಾಳೆ. ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆ, ಅದು ನಿಮ್ಮದೇ ಇರಬೇಕು. ಹೊತ್ತು ಮುಳುಗುವಾಗ ಸುಮ್ಮನಾಗುತ್ತಾಳೆ, ನಿಮ್ಮ ನೆನಪು ಇರಬೇಕು. ಕುಬುಸಕ್ಕೆ ಬರ್ರಿ. ಕಡು ಹಸಿರು ತರ್ರಿ, ಅವಳ ಮೈಬಣ್ಣಕ್ಕೆ ಒಪ್ಪುತ್ತದೆ. ಹೇಳುವುದು ಇನ್ನೂ ಭಾಳ ಇದೆ. ಜಾಗ ಇಲ್ಲ. ಬಂದಾಗ ಹೇಳುತ್ತೇನೆ.