ಟೋಪಿಯವನು ಹುಡುಕಿದ್ದು ಯಾರನ್ನು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ರಾಜಾಜಿನಗರದ ನಮ್ಮ ಬೀದಿಯಲ್ಲಿ ವಿಡಿಯೋ ಗೇಮ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದರ ಗುಂಡಿಯನ್ನು ಒಂದು ಸಲವೂ ಮುಟ್ಟದೆ, ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ವಾದ ಮಾಡುತ್ತಿದ್ದವಳು ನನ್ನ ಅಜ್ಜಿ.

ತಂದವನು ಚಿಕ್ಕಪ್ಪ. ಅಪ್ಪನ ತಮ್ಮ, ಅಜ್ಜಿಯ ಕಿರಿಮಗ. ಸರಕಿನ ಹಡಗೊಂದರ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದ. ವರ್ಷದ ಹೆಚ್ಚು ಭಾಗ ನೀರಿನ ಮೇಲೆ, ಉಳಿದಷ್ಟು ದಿನ ನಮ್ಮ ನಡುಮನೆಯ ಚಾಪೆಯ ಮೇಲೆ. ರಜಕ್ಕೆ ಬರುವಾಗ ಸೋಪು, ಪೌಡರು, ಉಗುರು ಕತ್ತರಿಸುವ ಕಟ್ಟರ್ ತರುತ್ತಿದ್ದವನು ಒಂದು ಸಲ ಸಿಂಗಪುರದಿಂದ ಈ ಡಬ್ಬ ತಂದ. ವೈರುಗಳನ್ನು ನಮ್ಮ ಕಪ್ಪುಬಿಳುಪು ಟೀವಿಯ ಬೆನ್ನಿಗೆ ಸಿಕ್ಕಿಸಿ, ಅರ್ಧ ದಿನ ಚಾನೆಲ್ ತಿರುಗಿಸಿದ ಮೇಲೆ ತೆರೆಯಲ್ಲಿ ಒಬ್ಬ ಪುಟ್ಟ ಮನುಷ್ಯ ಮೂಡಿದ. ತಲೆಯ ಮೇಲೆ ಟೋಪಿ.

"ಟೋಪಿ ಯಾವ ಬಣ್ಣವೋ?" ಅಜ್ಜಿ ಕೇಳಿದಳು.

"ಕೆಂಪು ಕಣವ್ವ," ಎಂದ ಚಿಕ್ಕಪ್ಪ. ಕಪ್ಪುಬಿಳುಪಿನಲ್ಲಿ ನಾವು ಅವನ ಮಾತನ್ನು ನಂಬಬೇಕಿತ್ತು.

ಆಟದಲ್ಲಿ ಈ ಟೋಪಿಯವನು ಕಾಡು ದಾಟುತ್ತಾನೆ, ಗುಹೆ ಹೊಕ್ಕು ಬರುತ್ತಾನೆ, ಮುರಿದ ಸೇತುವೆಯ ಮೇಲೆ ಹಾರುತ್ತಾನೆ. ಅಲ್ಲಲ್ಲಿ ಒಂದು ಮನೆ. ಒಳಗೆ ಹೋದರೆ ಯಾರೋ ಮುದುಕ ಏನೋ ಹೇಳುತ್ತಾನೆ. ಹೇಳುವುದೆಲ್ಲ ಜಪಾನೀ ಅಕ್ಷರದಲ್ಲಿ. ಕೊನೆಗೆ ಒಂದು ಗುಡ್ಡದ ತುದಿ. ಅಲ್ಲಿ ಉದ್ದ ಕೂದಲಿನ ಹೆಂಗಸೊಬ್ಬಳು ನಿಂತಿರುತ್ತಾಳೆ. ಟೋಪಿಯವನು ಅವಳ ಹತ್ತಿರ ಹೋಗಿ ಕೂತುಬಿಡುತ್ತಾನೆ. ಸಂಗೀತ ಬರುತ್ತದೆ, ಆಟ ಮುಗಿಯುತ್ತದೆ.

ಯಾರು ಆ ಹೆಂಗಸು? ಅಕ್ಷರ ಓದಲು ಬಾರದ ನಾವು ನಮಗೆ ತೋಚಿದ ಕತೆ ಕಟ್ಟಿಕೊಂಡೆವು. ಪಿಯುಸಿ ಓದುತ್ತಿದ್ದ ನಾನು ರಾಜಕುಮಾರಿ ಅಂದೆ. ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ಅಪ್ಪ, "ಶಿಫ್ಟ್ ಮುಗೀತು, ಮನೆಗೆ ಬಂದ, ಹೆಂಡ್ತಿ ಬಾಗಿಲು ತೆಗೆದ್ಲು. ಅಷ್ಟೇ," ಎಂದರು. ಅಜ್ಜಿ ಮಾತ್ರ ತಲೆಯಾಡಿಸಿದಳು.

"ಹೆಂಡ್ತಿ ಮುಂದೆ ಯಾವ ಗಂಡಸಾದ್ರೂ ಹಂಗೆ ಕುಸಿದು ಕೂತ್ಕೋತಾನೇನೋ? ಅವಳು ಅವನ ಅವ್ವ."

ಗುಂಡಿಗಳಿದ್ದ ಜಾಯ್‌ಸ್ಟಿಕ್ ಹಿಡಿದು ಕೂತಿದ್ದ ಚಿಕ್ಕಪ್ಪ ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿದ. ಆ ರಜದಲ್ಲಿ ಅಜ್ಜಿ ಕೇಳಿದಾಗಲೆಲ್ಲ ಆಟವನ್ನು ಗುಡ್ಡದ ತುದಿಯ ತನಕ ಆಡಿ ತೋರಿಸಿದ. ಅವಳು ಅವರೆಕಾಯಿ ಸುಲಿಯುತ್ತಾ ನೋಡುವಳು. ಅವನು ಹೊರಟ ದಿನ ಡಬ್ಬದ ಮೇಲೆ ಒಂದು ಟವೆಲ್ ಹೊದಿಸಿ ಇಟ್ಟಳು.

ಮುಂದಿನ ರಜಕ್ಕೆ ಬಂದಾಗ ಚಿಕ್ಕಪ್ಪ ಹೊಸ ಕ್ಯಾಸೆಟ್ ತಂದಿದ್ದ. ಅದೇ ಟೋಪಿಯವನ ಎರಡನೇ ಭಾಗ. ನಾವೆಲ್ಲ ಹಬ್ಬಕ್ಕೆ ಕಾದವರ ಹಾಗೆ ಟೀವಿ ಮುಂದೆ ಕೂತೆವು. ಈ ಸಲ ಟೋಪಿಯವನ ಕೈಯಲ್ಲಿ ಕತ್ತಿ. ದಾರಿಯುದ್ದಕ್ಕೂ ರಾಕ್ಷಸರು. ಮುದುಕರ ಮನೆಗಳು ಒಂದೂ ಇಲ್ಲ. ಕೊನೆಯಲ್ಲಿ ಅದೇ ಗುಡ್ಡ ಬಂತು, ಹೆಂಗಸು ಇರಲಿಲ್ಲ. ಕೆಳಗೆ ಸಮುದ್ರ, ಒಂದು ದೋಣಿ. ಅವನು ದೋಣಿ ಹತ್ತಿ ಹೋದ, ಆಟ ಮುಗಿಯಿತು.

ಅಜ್ಜಿಗೆ ಸಿಟ್ಟು ಬಂತು. "ಇದೂ ಒಂದು ಕತೆಯಾ? ಬರೀ ಹೊಡಿ ಬಡಿ. ಅವ್ವ ಎಲ್ಲೋದ್ಲು ಅಂತ ಒಂದು ಮಾತು ಬೇಡ್ವಾ?"

"ಕತಿ ಇರೋದೇ ಇದರಾಗ್ರಿ ಅಜ್ಜಿ," ಎಂಬ ದನಿ ಬಾಗಿಲ ಹತ್ತಿರದಿಂದ ಬಂತು.

ಎದುರುಮನೆಯ ಹುಬ್ಬಳ್ಳಿ ಆಂಟಿಯ ತಂಗಿ ಅವಳು. ಆಂಟಿಯ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅವರು ನಮ್ಮ ಬೀದಿಗೆ ಬಂದಿದ್ದರು. ತಂಗಿ ಬಿ.ಎಡ್. ಓದಲು ಧಾರವಾಡದ ಕಡೆಯಿಂದ ಬಂದು ಅಕ್ಕನ ಮನೆಯಲ್ಲಿ ಉಳಿದಿದ್ದಳು. ಹೆಪ್ಪಿಗೆ ಮೊಸರು ಕೇಳಲು ಬಂದವಳು ಲೋಟ ಹಿಡಿದು ಆಟದ ಕೊನೆಯನ್ನು ಪೂರಾ ನೋಡಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

"ಏನವ್ವ ಕತೆ? ಹೇಳು ನೋಡಾಣ," ಅಜ್ಜಿ ಅವಳ ಕಡೆ ತಿರುಗಿದಳು.

"ಮನೀಗೆ ಬಂದಾಂವ ಮನ್ಯಾಗ ಕುಂತ್ರ ಕತಿ ಹೆಂಗ ಮುಂದ ಹೋಗಬೇಕ್ರಿ? ಆಕಿ ಹೋಗ್ಯಾಳ. ಇಂವ ಹುಡುಕ್ಕೊಂಡು ಹೊಂಟಾನ. ಎಲ್ಲಿಗೆ ಅನ್ನೋದನ್ನ ನಮಗ ಬಿಟ್ಟಾರ. ಮೊದಲನೇದಕ್ಕಿಂತ ಇದು ಚಲೋ ಐತ್ರಿ."

"ನೀನು ಮೊದಲನೇದು ನೋಡಿದ್ದೀಯಾ?"

"ಇಲ್ರಿ."

"ನೋಡ್ದೇನೇ ಇದು ಚೆನ್ನಾಗಿದೆ ಅಂತೀಯಲ್ಲ! ಕೂತ್ಕೋ ಇಲ್ಲಿ. ಲೋ, ಮೊದಲನೇದು ಹಾಕೋ."

ಚಿಕ್ಕಪ್ಪ ಕ್ಯಾಸೆಟ್ ಬದಲಿಸಿದ. ಎಷ್ಟೋ ಸಲ ಕಣ್ಣುಮುಚ್ಚಿ ದಾಟಿದ್ದ ಸೇತುವೆಯಿಂದ ಆವತ್ತು ಮತ್ತೆ ಮತ್ತೆ ಕೆಳಗೆ ಬಿದ್ದ.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕ ಬರತೊಡಗಿದಳು. ಅಜ್ಜಿ ಮೊದಲನೇ ಭಾಗದ ಪರ, ಅಕ್ಕ ಎರಡನೇ ಭಾಗದ ಪರ. ಮುದುಕರ ಮನೆಗಳಿಲ್ಲದೆ ದಾರಿಯೇ ಬರಡಾಯಿತು ಎಂದು ಅಜ್ಜಿ. ದಾರಿ ಕೇಳಿಕೊಂಡು ಹೋಗುವ ಚಿಕ್ಕವನಲ್ಲ, ಈಗ ಅವನೇ ದೊಡ್ಡವನಾಗಿದ್ದಾನೆ ಎಂದು ಅಕ್ಕ. ರಾಕ್ಷಸರು ಯಾಕೆ ಎಂದರೆ ಅವಳ ಹತ್ತಿರ ಅದಕ್ಕೂ ಉತ್ತರವಿತ್ತು. ಅಪ್ಪ ಒಮ್ಮೊಮ್ಮೆ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದರು. ಚಿಕ್ಕಪ್ಪನನ್ನು ಕೇಳಿದರೆ, "ಎರಡೂ ಚೆನ್ನಾಗಿದೆ," ಎಂದು ತಪ್ಪಿಸಿಕೊಳ್ಳುತ್ತಿದ್ದ.

ಅವನ ರಜ ಮುಗಿಯಿತು. ಹೊರಡುವ ಮುಂಚೆ ಅಜ್ಜಿ ಒಂದು ಕೆಲಸ ಹೇಳಿದಳು. "ಆ ಕ್ಯಾಸೆಟ್ ಮಾಡೋರ ದೇಶಕ್ಕೆ ನಿನ್ನ ಹಡಗು ಹೋಗುತ್ತಲ್ಲ, ಅಲ್ಲಿ ಯಾರನ್ನಾದ್ರೂ ಕೇಳ್ಕೊಂಡು ಬಾ. ಆ ಹೆಂಗಸು ಯಾರು ಅಂತ. ಈ ಹುಡುಗಿ ಬಾಯಿ ಮುಚ್ಚಿಸಬೇಕು."

"ಕೇಳ್ರಿ, ಕೇಳ್ರಿ," ಎಂದು ಅಕ್ಕ ನಕ್ಕಳು. ಅವಳು ಚಿಕ್ಕಪ್ಪನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವನು ಹೋದ ಮೇಲೂ ಭಾನುವಾರದ ವಾದ ನಿಲ್ಲಲಿಲ್ಲ. ಜಾಯ್‌ಸ್ಟಿಕ್ ನನ್ನ ಕೈಗೆ ಬಂತು, ಆಮೇಲೆ ಅಕ್ಕನ ಕೈಗೆ. ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಕಾಲೇಜಿನಲ್ಲಿ ಪರೀಕ್ಷೆ ಇದ್ದು ಒಂದು ವಾರ ಬರದೇ ಹೋದರೆ ಅಜ್ಜಿ ಜಗಲಿಗೂ ಒಳಗೂ ಓಡಾಡಿ, "ಧಾರವಾಡದ ಹುಡುಗಿ ಬರ್ಲಿಲ್ವಾ? ಹುಷಾರಿಲ್ವೇನೋ, ನೋಡ್ಕೊಂಡು ಬಾ," ಎಂದು ನನ್ನನ್ನು ಅಟ್ಟುತ್ತಿದ್ದಳು.

ಆ ತಿಂಗಳುಗಳಲ್ಲಿ ಇನ್ನೊಂದು ಬದಲಾವಣೆ ಆಯಿತು. ನಾವು ಒಕ್ಕಲಿಗರು, ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಬಾಡಿನ ಸಾರು. ಅಕ್ಕನದು ಲಿಂಗಾಯತರ ಮನೆ, ಮೊಟ್ಟೆ ಕೂಡ ಮುಟ್ಟದವರು. ಒಂದು ದಿನ ಅಜ್ಜಿ ಅಮ್ಮನಿಗೆ, "ಇನ್ಮೇಲೆ ಬಾಡು ಬುಧವಾರ ಮಾಡಮ್ಮ. ಭಾನುವಾರ ಸೊಪ್ಪಿನ ಸಾರು ಸಾಕು," ಎಂದಳು. ಅಪ್ಪ ಯಾಕೆ ಎಂದು ಕೇಳಿದರು. "ನಂಗೆ ಜೀರ್ಣ ಆಗ್ತಿಲ್ಲ," ಎಂದಳು. ಬುಧವಾರ ಚೆನ್ನಾಗಿಯೇ ಜೀರ್ಣವಾಗುತ್ತಿತ್ತು.

ಚಿಕ್ಕಪ್ಪ ಮತ್ತೆ ಬಂದದ್ದು ಬೇಸಿಗೆಯಲ್ಲಿ. ಕೈಯಲ್ಲಿ ಮೂರನೇ ಭಾಗ. ಅಷ್ಟರಲ್ಲಿ ಎದುರುಮನೆಗೆ ಕಲರ್ ಟೀವಿ ಬಂದಿತ್ತು. ಹುಬ್ಬಳ್ಳಿ ಆಂಟಿ, "ನಮ್ಮನ್ಯಾಗ ಹಚ್ರಿ, ಬಣ್ಣದಾಗ ನೋಡೋಣು," ಎಂದು ಕರೆದರು. ಡಬ್ಬ ಹೊತ್ತುಕೊಂಡು ಎಲ್ಲರೂ ಬೀದಿ ದಾಟಿದೆವು. ಅವರ ನಡುಮನೆಯಲ್ಲಿ ಮೊದಲು ಮೊದಲನೇ ಭಾಗವನ್ನೇ ಹಾಕಿದ ಚಿಕ್ಕಪ್ಪ. ಟೋಪಿ ಹಸಿರು ಬಣ್ಣದ್ದು.

"ಕೆಂಪು ಅಂದಿದ್ಯಲ್ಲೋ!"

"ನಾನೂ ನೋಡಿರ್ಲಿಲ್ಲ ಕಣವ್ವ. ನಿಂಗೆ ಕೆಂಪು ಇಷ್ಟ ಅಂತ ಹೇಳ್ಬಿಟ್ಟೆ."

ಅಜ್ಜಿ ಸೋಫಾದ ಮೇಲೆ ಕಾಲು ಮಡಚಿ ಕೂತು, "ಸರಿ, ಅದು ಹೋಗ್ಲಿ. ಕೇಳ್ಕೊಂಡು ಬಂದ್ಯಾ?" ಎಂದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

ಚಿಕ್ಕಪ್ಪ ಕೇಳಿಕೊಂಡು ಬಂದಿದ್ದ. ಜಪಾನಿನ ಬಂದರೊಂದರ ಹತ್ತಿರ ಆಟದ ಸಾಮಾನಿನ ಅಂಗಡಿ. ಅಂಗಡಿಯ ಮುದುಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೈಸನ್ನೆ ಮಾಡಿ, ಕಾಗದದ ಮೇಲೆ ಚಿತ್ರ ಬರೆದು ಕತೆ ಹೇಳಿದನಂತೆ. "ಆ ಹೆಂಗಸು ಊರಿನ ದೀಪ ಕಾಯೋಳು. ದೀಪ ಆರಿಹೋಗಿದೆ. ಬೆಂಕಿ ತರೋಕೆ ಇವನನ್ನ ಕಳಿಸಿದ್ದಾರೆ. ತಂದುಕೊಟ್ಟ, ಸುಸ್ತಾಗಿತ್ತು, ಕೂತ್ಕೊಂಡ. ಎರಡನೇದರಲ್ಲಿ ಅವಳ ಕೆಲಸ ಮುಗಿದಿದೆ, ಅದಕ್ಕೇ ಇಲ್ಲ. ಅವ್ವನೂ ಅಲ್ಲ, ಯಾರೂ ಅಲ್ಲ."

ಇಷ್ಟು ದಿನ ವಾದ ಮಾಡಿದ್ದು ಇದಕ್ಕಾ ಎನಿಸಿ ನನಗೆ ಪೆಚ್ಚಾಯಿತು. ಅಜ್ಜಿ ತೆರೆಯ ಮೇಲಿನ ಹಸಿರು ಟೋಪಿಯನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ಚಿಕ್ಕಪ್ಪನಿಗೆ ಯಾಕಾದರೂ ಹೇಳಿದೆನೋ ಎನಿಸಿರಬೇಕು.

ಮಾತಾಡಿದವಳು ಅಕ್ಕ. "ಅಂವ ಅಂಗಡ್ಯಾಂವ್ರಿ. ಮಾರೋದು ಅವನ ಕೆಲಸ. ನಮ್ಮಷ್ಟು ಸಲ ಅಂವ ಅದನ್ನ ಎಲ್ಲಿ ನೋಡಿರ್ತಾನ? ಅಜ್ಜಿ ಹೇಳಿದ್ದ ಖರೆ. ಹಂಗ ಕುಂಡ್ರೋದು ಅವ್ವನ ಮುಂದ ಅಷ್ಟ."

ಇಷ್ಟು ದಿನ ಎದುರು ವಾದ ಮಾಡಿದವಳು ಅಜ್ಜಿಯ ಪಕ್ಷಕ್ಕೆ ಬಂದದ್ದು ಆಗ. ಅಜ್ಜಿ ಕತ್ತೆತ್ತಿ ಅವಳನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಅವನೂ ಅಕ್ಕನನ್ನೇ ನೋಡುತ್ತಿದ್ದ.

ಮೂರನೇ ಭಾಗದಲ್ಲಿ ಟೋಪಿಯವನ ಜೊತೆಗೆ ಒಬ್ಬ ಹುಡುಗಿಯೂ ಇದ್ದಳು. ಇಬ್ಬರು ಒಟ್ಟಿಗೆ ಆಡಬೇಕು. ಎರಡನೇ ಜಾಯ್‌ಸ್ಟಿಕ್ ಅದುವರೆಗೆ ಡಬ್ಬದಲ್ಲೇ ಇತ್ತು. ಅಕ್ಕ ಅದನ್ನು ಹಿಡಿದು ಕೂತಳು. "ಎಡಕ್ಕ ಹೋಗ್ರಿ," ಎಂದು ಅವಳು, "ಹಾರಿ, ಈಗ ಹಾರಿ," ಎಂದು ಅವನು. ಅಜ್ಜಿ ಆವತ್ತು ಕತೆಯ ಬಗ್ಗೆ ಒಂದೇ ಒಂದು ಮಾತೂ ಆಡಲಿಲ್ಲ.

ವಾಪಸು ಬರುವಾಗ ಬೀದಿಯ ನಡುವೆಯೇ ನಿಂತು ಮಗನನ್ನು ಕೇಳಿದಳು. "ಆ ಹುಡುಗೀನ ಕೇಳ್ಲೇನೋ?"

ಚಿಕ್ಕಪ್ಪ ಡಬ್ಬವನ್ನು ಎದೆಗೆ ಅವಚಿಕೊಂಡಿದ್ದ. "ಅವರು ಲಿಂಗಾಯತರು ಕಣವ್ವ. ಕೊಡ್ತಾರಾ?"

"ಜಾತಿ ನಂಗೂ ಗೊತ್ತು. ನಿಂಗೆ ಇಷ್ಟ ಇದೆಯಾ ಅಂದೆ."

ಅವನು ತಲೆ ತಗ್ಗಿಸಿ ಹೂಂ ಎಂದ.

ಸುಲಭವಾಗಿ ಆಗಲಿಲ್ಲ. ಮೊದಲು ಅಪ್ಪನೇ ಹಿಂಜರಿದರು. ಬೀದಿಯಲ್ಲಿ ಸಂಬಂಧ ಕೆಡುತ್ತದೆ ಎಂದರು. ಹುಬ್ಬಳ್ಳಿ ಆಂಟಿ ಅತ್ತರು. ತನ್ನನ್ನು ನಂಬಿ ತಂಗಿಯನ್ನು ಕಳಿಸಿದ ಅಪ್ಪನಿಗೆ ಏನು ಹೇಳಲಿ ಎಂಬ ದಿಗಿಲು ಅವರಿಗೆ. ಕೆಲವು ವಾರ ಎರಡು ಮನೆಗಳ ನಡುವೆ ಮಾತು ನಿಂತಿತು, ವಿಡಿಯೋ ಗೇಮ್ ಟವೆಲ್ ಹೊದ್ದು ಕೂತಿತು. ಅಕ್ಕ ಮಾತ್ರ ಕದಲಲಿಲ್ಲ. ತಾನೇ ಊರಿಗೆ ಹೋಗಿ ಅಪ್ಪನ ಎದುರು ಹೇಳಿ ಬಂದಳು. ಹೆಡ್‌ಮಾಸ್ತರರಾಗಿ ನಿವೃತ್ತರಾಗಿದ್ದ ಅವರು ಬೈಯಲಿಲ್ಲವಂತೆ. "ನಿನ್ನ ಇಷ್ಟ," ಎಂದವರು ಆಮೇಲೆ ಅವಳ ಜೊತೆ ಮಾತಾಡುವುದನ್ನೇ ಬಿಟ್ಟರು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಹುಬ್ಬಳ್ಳಿ ಆಂಟಿ ಕಣ್ಣೊರೆಸಿಕೊಳ್ಳುತ್ತಲೇ ಬಂದು ಸಾಕ್ಷಿ ಸಹಿ ಹಾಕಿದರು. ಅಕ್ಕನ ಅಪ್ಪ ಬರಲಿಲ್ಲ. ಗಂಡ ಹೆಂಡತಿ ವಿಜಯನಗರದ ಆಚೆ ಮಾರೇನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು. ಅವಳಿಗೆ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಜ್ಜಿಯೂ ಅಲ್ಲಿಗೆ ಹೋದಳು, ವಿಡಿಯೋ ಗೇಮೂ ಹೋಯಿತು. ಅಕ್ಕ ಈಗ ನನಗೆ ಚಿಕ್ಕಮ್ಮ. ಚಿಕ್ಕಪ್ಪ ಹಡಗಿಗೆ ಹೋದಾಗ ಅತ್ತೆ ಸೊಸೆ ಇಬ್ಬರೇ. ಮೂರನೇ ಭಾಗ ಹೇಗಿದೆ ಎಂಬ ವಾದ ಅಲ್ಲಿ ಹೊಸದಾಗಿ ಶುರುವಾಗಿತ್ತು.

ಒಂದು ಭಾನುವಾರ ನಾನು ಅಲ್ಲಿದ್ದಾಗ ಬಾಗಿಲು ಸದ್ದಾಯಿತು. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಬಟ್ಟೆಯ ಚೀಲ. ಚಿಕ್ಕಮ್ಮನ ಅಪ್ಪ. ಮಗಳನ್ನು ನೋಡಿ, "ಹುಬ್ಬಳ್ಳಿ ಗಾಡಿಗೆ ಬಂದೆ, ಸಂಜಿ ಗಾಡಿಗೆ ಹೊಳ್ಳಿ ಹೊಕ್ಕೀನಿ," ಎಂದರು. ಅವಳು ಕಾಲು ಮುಟ್ಟಿ ನಮಸ್ಕರಿಸಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಚಿಕ್ಕಪ್ಪ ಆಗ ರಜದಲ್ಲಿದ್ದ. ನೀರು ಕೊಟ್ಟ, ಫ್ಯಾನ್ ಹಾಕಿದ. ಮಾವನ ಹತ್ತಿರ ಏನು ಮಾತಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಜ್ಜಿಗೆ ತಿಳಿದಿತ್ತು. "ಬೀಗರೇ, ಇಲ್ಲಿ ಕೂತ್ಕೊಳ್ಳಿ. ಒಂದು ಕತೆ ತೋರಿಸ್ತೀನಿ, ಯಾವುದು ಚೆನ್ನಾಗಿದೆ ನೀವೇ ಹೇಳ್ಬೇಕು. ನೀವು ಮೇಷ್ಟ್ರು," ಎಂದು ಮಗನಿಗೆ ಸನ್ನೆ ಮಾಡಿದಳು.

ಹಿರಿಯರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಮೂರೂ ಭಾಗ ನೋಡಿದರು. ಎಲ್ಲೆಲ್ಲಿ ಏನಾಗುತ್ತದೆ, ಯಾರ ವಾದ ಏನು ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಮುಗಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿದರು.

"ಎಲ್ಲಾ ಚಲೋ ಐತ್ರಿ. ಆದ್ರ ನನಗ ಒಂದ್ ತಿಳೀಲಿಲ್ಲ. ಮೂರು ಭಾಗ ಆತು, ಅಡವಿ ಸುತ್ತಿದ, ಸಮುದ್ರ ಸುತ್ತಿದ. ಈ ತಮ್ಮ ಒಮ್ಮೆನೂ ಉಂಡಿಲ್ಲಲ್ರಿ?"

ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ವರ್ಷ ನೋಡಿದ್ದರೂ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

"ಹೌದಲ್ಲ ಬೀಗರೇ," ಎಂದಳು ಕೊನೆಗೆ. "ಕತೆ ಕಟ್ಟಿದೋರು ಮರೆತೇಬಿಟ್ಟವ್ರೆ."

ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಮೊಣಕೈತನಕ ಜೋಳದ ಹಿಟ್ಟು, ಅತ್ತು ಕೆಂಪಾದ ಕಣ್ಣು, ಆದರೂ ನಗುತ್ತಿದ್ದಳು. "ಅಪ್ಪಾ, ರೊಟ್ಟಿ ಆಗ್ಯಾವು. ಏಳ್ರಿ," ಎಂದಳು.

ಅವರು ಎದ್ದು ಹಿತ್ತಲಿಗೆ ಕೈ ತೊಳೆಯಲು ಹೋದರು. ಚಿಕ್ಕಪ್ಪ ಚೊಂಬು ಹಿಡಿದು ಹಿಂದೆಯೇ ಹೋದ. ಅವರು ಆವತ್ತು ಸಂಜೆಯ ಗಾಡಿಗೆ ಹೋಗಲಿಲ್ಲ.