ದೊಡ್ಡಕ್ಕನ ಕೈಗೆ ಚುಚ್ಚಿದ ಸೂಜಿ

ಹೋದ ತಿಂಗಳು ಮನೆಗೆ ಸುಣ್ಣ ಬಳಿಸಲೆಂದು ಅಮ್ಮನ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದೆ. ಧೂಳಿನಲ್ಲಿ ಒಂದು ಪುಟ್ಟ ಕೆಂಪು ಮುಚ್ಚಳ ಬಿದ್ದಿತ್ತು. ಇನ್ಸುಲಿನ್ ಸಿರಿಂಜಿನ ಸೂಜಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ. ಅಮ್ಮ ಹೋಗಿ ಮೂರು ವರ್ಷವಾಗಿದೆ. ಎತ್ತಿಕೊಳ್ಳಲು ಬಗ್ಗಿದವನು ಕೈ ಹಿಂದಕ್ಕೆಳೆದುಕೊಂಡೆ. ಬರೀ ಮುಚ್ಚಳ, ಸೂಜಿಯಿರಲಿಲ್ಲ. ಆದರೂ ಮುಟ್ಟಲಾಗಲಿಲ್ಲ. ಹಾಗೇ ಮಂಚದ ಅಂಚಿಗೆ ಕೂತೆ. ದೊಡ್ಡಕ್ಕ ನೆನಪಾದರು...

ಏಳು ವರ್ಷದ ಹಿಂದೆ ನಾನು ಕಸ ವಿಂಗಡಿಸುವ ಕೇಂದ್ರವೊಂದರಲ್ಲಿ ತೂಕದ ಗುಮಾಸ್ತನಾಗಿದ್ದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ನಮ್ಮ ಶಿಡ್ಲಘಟ್ಟ, ಈ ನಾಲ್ಕೂ ಊರುಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಿಕೊಂಡು, ಒಣ ಕಸವನ್ನು ಚಿಂತಾಮಣಿ ರಸ್ತೆಯ ಪಕ್ಕದ ನಮ್ಮ ಶೆಡ್ಡಿಗೆ ಕಳಿಸುತ್ತಿದ್ದವು. ಒಂದೇ ಊರಿನ ಪ್ಲಾಸ್ಟಿಕ್ಕಿನಿಂದ ಒಂದು ಲಾರಿಯೂ ತುಂಬುವುದಿಲ್ಲ, ನಾಲ್ಕು ಊರಿನದು ಸೇರಿದರೆ ಕೊಳ್ಳುವವರು ತಾವೇ ಹುಡುಕಿಕೊಂಡು ಬರುತ್ತಾರೆ ಎಂಬ ಯೋಚನೆ. ಒಂದೊಂದು ಊರಿಗೆ ಒಂದೊಂದು ದಿನ. ಬಂದ ಲೋಡನ್ನು ನಾನು ತೂಗಿಸುತ್ತಿದ್ದೆ. ಓಡುವ ಬೆಲ್ಟಿನ ಎರಡೂ ಕಡೆ ಹೆಂಗಸರು ನಿಂತು ಬಾಟಲಿ, ರಟ್ಟು, ಹಾಲಿನ ಕವರು ಎಂದು ಬೇರೆ ಮಾಡುತ್ತಿದ್ದರು. ಅವರಲ್ಲಿ ಹಿರಿಯರು ದೊಡ್ಡಕ್ಕ. ಐವತ್ತು ದಾಟಿದ್ದರು. ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುತ್ತಿದ್ದರು. ಬೇರೆಯವರಿಗೆಲ್ಲ ನಾನು ‘ಸಾರ್’. ಅವರಿಗೆ ಮಾತ್ರ ‘ಅಪ್ಪಾ’. “ಏನಪ್ಪಾ, ಅಮ್ಮಂಗೆ ಸಕ್ಕರೆ ಕಮ್ಮಿ ಆಯ್ತಾ?” ಎಂದು ದಿನವೂ ವಿಚಾರಿಸುತ್ತಿದ್ದರು.

ಅಮ್ಮ ಬಳಸಿದ ಸಿರಿಂಜುಗಳನ್ನು ಹಾಲಿನ ಪುಡಿಯ ಹಳೆಯ ಡಬ್ಬದಲ್ಲಿ ಹಾಕಿಡುತ್ತಿದ್ದಳು. ತುಂಬಿದ ಮೇಲೆ ಅದನ್ನು ಆಸ್ಪತ್ರೆಯ ನರ್ಸಿಗೆ ಕೊಟ್ಟು ಬರುವುದು ನನ್ನ ಕೆಲಸ. ತಿಂಗಳುಗಟ್ಟಲೆ ಕೊಟ್ಟಿರಲಿಲ್ಲ. ಒಂದು ಬೆಳಗ್ಗೆ ಡಬ್ಬದ ಮುಚ್ಚಳ ಕೂರಲಿಲ್ಲ. ಕಸದ ಆಟೋ ಬಾಗಿಲಿಗೇ ಬಂದಿತ್ತು. ಎಲ್ಲವನ್ನೂ ಔಷಧಿ ಅಂಗಡಿಯ ಹಸಿರು ಕವರಿಗೆ ಸುರಿದು, ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚುವ ರೀಲಿಂಗ್ ಮನೆಯ ಸಾಬರು ಕೊಟ್ಟಿದ್ದ ಹಳದಿ ರೇಷ್ಮೆ ಎಳೆಯಿಂದ ಬಿಗಿಯಾಗಿ ಗಂಟು ಹಾಕಿ, ಒಣ ಕಸದ ಚೀಲಕ್ಕೆ ತುರುಕಿದೆ. ಕಸವನ್ನು ಬೇರೆ ಮಾಡಿ ಕೊಡಿ ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದವನು ನಾನೇ.

ಆ ಚೀಲ ಶೆಡ್ಡಿಗೆ ಬಂದ ದಿನ ಗೌರಿಬಿದನೂರಿನ ಲಾರಿಯೂ ಬಂತು. ಹಿಂದಿನ ದಿನ ಬರಬೇಕಾಗಿದ್ದದ್ದು, ದಾರಿಯಲ್ಲಿ ಕೆಟ್ಟು ನಿಂತು ತಡವಾಗಿತ್ತು. ಎರಡೂ ಊರಿನ ಲೋಡು ಒಂದೇ ಗುಡ್ಡೆಯಾಗಿ ಬಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಬೆಲ್ಟಿನ ಕಡೆಯಿಂದ “ಅಯ್ಯೋ ದೇವುಡಾ!” ಎಂಬ ಕೂಗು ಕೇಳಿತು. ಬೆಲ್ಟು ನಿಂತಿತು.

ಓಡಿಹೋದೆ. ದೊಡ್ಡಕ್ಕ ಬಲಗೈ ಹಿಡಿದುಕೊಂಡು ನಿಂತಿದ್ದರು. ಹೆಬ್ಬೆರಳಿನ ಬುಡದಲ್ಲಿ ಒಂದೇ ಒಂದು ಹನಿ ರಕ್ತ. ಗಂಟು ಬಿಚ್ಚಲು ಬರದೆ ಕೈಗವಸು ತೆಗೆದಿದ್ದರಂತೆ. ಅವರ ಮುಂದೆ ಹಸಿರು ಕವರು ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಪಕ್ಕದಲ್ಲಿ ಹಳದಿ ಎಳೆ. ನನ್ನ ಗಂಟು ನನಗೆ ಗೊತ್ತಾಯಿತು.

“ಯಾವೂರ್ದು ಇದು?” ಎಂದರು ಒಬ್ಬರು. “ಗೌರಿಬಿದನೂರ್ದೇ ಇರ್ಬೇಕು, ಈಗ ತಾನೇ ಸುರಿದ್ರು” ಎಂದರು ಇನ್ನೊಬ್ಬರು. ಗೌರಿಬಿದನೂರಿನ ಡ್ರೈವರ್ ಮುಂದೆ ಬಂದ. “ನಮ್ಮೂರ್ದು ಅಂತ ಹೆಂಗಮ್ಮ ಹೇಳ್ತೀರಿ? ಶಿಡ್ಲಘಟ್ಟದ್ದೂ ಇಲ್ಲೇ ಬಿದ್ದೈತಲ್ಲ!” ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಬಗ್ಗಿ ಸಿರಿಂಜುಗಳನ್ನು ರಟ್ಟಿನ ಡಬ್ಬಕ್ಕೆ ತಳ್ಳಿದೆ. ಹಾಗೆ ತಳ್ಳುತ್ತಲೇ ಹಳದಿ ಎಳೆಯನ್ನು ಮುಷ್ಟಿಯೊಳಗೆ ಮುದುರಿ ಜೇಬಿಗೆ ಹಾಕಿಕೊಂಡೆ. ರೇಷ್ಮೆ ಎಂದರೆ ಶಿಡ್ಲಘಟ್ಟದ ಗುರುತೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ದೊಡ್ಡಕ್ಕನನ್ನು ನನ್ನ ಬೈಕಿನಲ್ಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಎಡಗೈಯಿಂದ ನನ್ನ ಭುಜ ಬಿಗಿಯಾಗಿ ಹಿಡಿದಿದ್ದರು. ಡಾಕ್ಟರಮ್ಮ ಗಾಯ ತೊಳೆಸಿ ರಕ್ತ ತೆಗೆಸಿದರು. “ಈ ಸೂಜಿ ಯಾರದು ಅಂತ ಗೊತ್ತಾದರೆ ಒಳ್ಳೇದು. ಅವರ ರಕ್ತ ಪರೀಕ್ಷೆ ಮಾಡಬಹುದು. ಏನೂ ಇಲ್ಲ ಅಂದರೆ ಇವರು ಇಷ್ಟೊಂದು ಮಾತ್ರೆ ನುಂಗಬೇಕಾಗಿಲ್ಲ” ಎಂದು ನನ್ನ ಮುಖ ನೋಡಿದರು.

“ಗೊತ್ತಿಲ್ಲ ಡಾಕ್ಟ್ರೇ” ಎಂದೆ.

ದೊಡ್ಡಕ್ಕ ಪಕ್ಕದ ಸ್ಟೂಲಿನ ಮೇಲೆಯೇ ಕೂತಿದ್ದರು.

ಇಪ್ಪತ್ತೆಂಟು ದಿನ ಮಾತ್ರೆ, ಆರು ವಾರವಾದ ಮೇಲೆ ಒಂದು ಸಲ, ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ರಕ್ತಪರೀಕ್ಷೆ ಎಂದರು. ಮುಟ್ಟಿದರೆ, ಜೊತೆಗೆ ಉಂಡರೆ ಎಚ್‌ಐವಿ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದೊಡ್ಡಕ್ಕ ತಲೆಯಾಡಿಸಿದರು. ಆದರೆ ಕಾಯಿಲೆಯ ಹೆಸರೊಂದನ್ನು ಬಿಟ್ಟು ಬೇರೇನೂ ಅವರ ಕಿವಿಗೆ ಬಿದ್ದಿರಲಿಲ್ಲ. ಹೊರಗೆ ಬಂದವರೇ, “ಅಪ್ಪಾ, ಮುಂದಿನ ವಾರ ಮಗಳನ್ನ ಬಾಣಂತನಕ್ಕೆ ಕರ್ಕೊಂಡು ಬರ್ಬೇಕಾಗಿತ್ತು” ಎಂದರು. ಒಬ್ಬಳೇ ಮಗಳು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಗೆ ಕೊಟ್ಟಿದ್ದರು. ಚೊಚ್ಚಲು.

ಅವರು ಮಗಳನ್ನು ಕರೆತರಲಿಲ್ಲ. “ರಜೆ ಸಿಗಲ್ಲ ಕಣಮ್ಮ, ನೀನು ಅಲ್ಲೇ ಇರು” ಎಂದು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಆಚೆಯಿಂದ ಹುಡುಗಿ ಅಳುತ್ತಿದ್ದಳು. ನಿಜ ಹೇಳಿದರೆ ಬೀಗರ ಮನೆಯವರು ಮಗುವಿನ ಹತ್ತಿರಕ್ಕೂ ಬಿಡುವುದಿಲ್ಲವೆಂಬ ಭಯ ಅವರಿಗೆ.

ನನ್ನ ಭಯ ಬೇರೆ. ಕೆಲಸ ಹೋಗುತ್ತದೆ, ಅಮ್ಮನ ಔಷಧಿಗೆ ಏನು ಮಾಡುವುದು, ಕಸದ ಕೇಂದ್ರದವನೇ ಹೀಗೆ ಮಾಡಿದನೆಂದು ನಾಲ್ಕು ಊರಿನಲ್ಲಿ ಮಾತಾಡುತ್ತಾರೆ... ಪ್ರತಿ ಬೆಳಗ್ಗೆ ಇವತ್ತು ಹೇಳಿಬಿಡುತ್ತೇನೆಂದುಕೊಂಡೇ ಬೈಕು ಹತ್ತುತ್ತಿದ್ದೆ. ಶೆಡ್ಡಿನ ಗೇಟು ದಾಟಿದ ಕೂಡಲೇ ನೇರವಾಗಿ ತೂಕದ ಕೋಣೆ ಸೇರಿಕೊಳ್ಳುತ್ತಿದ್ದೆ. ಯಾರಾದರೂ ಜೋರಾಗಿ ಕರೆದರೂ ಬೆಚ್ಚಿಬೀಳುತ್ತಿದ್ದೆ. ನನ್ನ ಮೌನದ ಭಾರ ಗೌರಿಬಿದನೂರಿನ ಮೇಲೆ ಬಿತ್ತು. ಆ ಊರಿನ ಲೋಡನ್ನು ಮುಟ್ಟುವುದಿಲ್ಲವೆಂದು ಹೆಂಗಸರು ಕೈಕಟ್ಟಿ ನಿಂತರು. ಡ್ರೈವರ್ ತುಂಬಿದ ಲಾರಿಯ ನೆರಳಿನಲ್ಲಿ ಸಂಜೆಯವರೆಗೆ ಕೂತು, ಲೋಡನ್ನು ವಾಪಸ್ಸು ತೆಗೆದುಕೊಂಡು ಹೋದ. ಮುಂದಿನ ವಾರವೂ ಹಾಗೆಯೇ ಆಯಿತು. ಹೀಗೇ ಆದರೆ ನಮ್ಮ ಕಸ ನಾವೇ ನೋಡಿಕೊಳ್ಳುತ್ತೇವೆ ಎಂದು ಅವರ ಊರಿನಿಂದ ಮಾತು ಬಂತು. ನಾಲ್ಕರಲ್ಲಿ ಒಂದು ಊರು ಕಳಚಿಕೊಂಡರೆ ಶೆಡ್ಡು ನಡೆಯುವುದಿಲ್ಲವೆಂದು ಮೇಸ್ತ್ರಿ ತಲೆ ಚಚ್ಚಿಕೊಂಡರು. ನಾನು ತೂಕದ ಕೋಣೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಾ ಕೂತಿದ್ದೆ.

ದೊಡ್ಡಕ್ಕ ಇಳಿದುಹೋದರು. ಮಾತ್ರೆಗೆ ವಾಂತಿ, ತಲೆಸುತ್ತು. ತಮ್ಮ ತಟ್ಟೆ, ಲೋಟವನ್ನು ಚೀಲದಲ್ಲಿ ಹಾಕಿ ಬೇವಿನ ಮರಕ್ಕೆ ಬೇರೆಯಾಗಿ ನೇತುಹಾಕಿದ್ದರು. ಊಟಕ್ಕೆ ಎಲ್ಲರಿಂದ ದೂರ ಕೂರುತ್ತಿದ್ದರು. ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಅವರು ಅದಕ್ಕೂ ಹೋಗಲಿಲ್ಲ. ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಬಂದು ಫೋನು ಮುಂದೆ ಹಿಡಿದರು. “ನೋಡಪ್ಪಾ, ನಮ್ಮ ಮಗು. ಇನ್ನೂ ಎತ್ಕೊಂಡಿಲ್ಲ.” ನಾನು ಕೈಚಾಚುವ ಮೊದಲೇ ಫೋನನ್ನು ಸೆರಗಿನಿಂದ ಒರೆಸಿದರು. ಎರಡು ಸಲ ಒರೆಸಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

ಅಮ್ಮ ನನ್ನ ಕಡೆ ತಿರುಗಿದಳು. “ನಿಂಗೆ ಅವತ್ತೇ ಗೊತ್ತಿತ್ತೇನೋ?”

“ಹ್ಞೂಂ.”

“ಆಯಮ್ಮ ದಿನಾ ನನ್ನ ಸಕ್ಕರೆ ಕೇಳ್ತಿದ್ದಳು ಅಂತೀಯ. ಅಂಥೋಳ ಮುಖ ನೋಡ್ಕೊಂಡು ಹೆಂಗಿದ್ದೆಯೋ?” ಎಂದಳು. ಮರುದಿನ ಬೆಳಗ್ಗೆ ತಾನೇ ಮುಂದಾಗಿ ಆಸ್ಪತ್ರೆಗೆ ಹೊರಟು, ರಕ್ತ ಕೊಟ್ಟು, ರಿಪೋರ್ಟು ಬರುವವರೆಗೂ ಬೆಂಚು ಬಿಟ್ಟು ಏಳಲಿಲ್ಲ. ರಕ್ತದಿಂದ ಅಂಟುವ ಯಾವ ಕಾಯಿಲೆಯೂ ಇರಲಿಲ್ಲ. ಅಲ್ಲಿಂದ ನೇರವಾಗಿ ಇಬ್ಬರೂ ಶೆಡ್ಡಿಗೆ ಹೋದೆವು. ಸೂಜಿ ಚುಚ್ಚಿ ಅವತ್ತಿಗೆ ಮೂವತ್ನಾಲ್ಕು ದಿನ.

ಬೇವಿನ ಮರದ ಕೆಳಗೆ ದೊಡ್ಡಕ್ಕ ಒಬ್ಬರೇ ಕೂತು ಉಣ್ಣುತ್ತಿದ್ದರು. ಅಮ್ಮ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ನಾನು ನಿಂತೇ ಹೇಳಿದೆ. ಕವರು ನನ್ನದು, ಗಂಟು ನನ್ನದು, ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು ಎಂದೆ. ಅಮ್ಮ ರಿಪೋರ್ಟನ್ನು ಅವರ ಮಡಿಲಲ್ಲಿಟ್ಟಳು. “ನಂಗೆ ಸಕ್ಕರೆ ಬಿಟ್ರೆ ಬೇರೇನೂ ಇಲ್ಲಮ್ಮ. ನಿಂಗೇನೂ ಆಗಲ್ಲ.”

ದೊಡ್ಡಕ್ಕ ಬೈಯಲಿಲ್ಲ. ಅನ್ನದ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು, “ಮಗು ಹುಟ್ಟಿ ಇಪ್ಪತ್ತು ದಿನ ಆಯ್ತು” ಎಂದರು. ಆಮೇಲೆ ಕೈ ತೊಳೆದು ಎದ್ದು, “ಒಳಗ್ ಬಾ. ಎಲ್ಲರ ಮುಂದೆ ಹೇಳು. ಆ ಗೌರಿಬಿದನೂರಿನ ಹುಡುಗನ್ನೂ ಕರ್ಸು” ಎಂದರು.

ಡ್ರೈವರನ್ನು ಕರೆಸಿದರು. ಅವನ ಮುಂದೆ, ಮೇಸ್ತ್ರಿಯ ಮುಂದೆ, ಅಷ್ಟೂ ಹೆಂಗಸರ ಮುಂದೆ ನಿಂತು ಹೇಳಿದೆ. ಡ್ರೈವರ್ ಹೊಡೆಯುತ್ತಾನೆಂದುಕೊಂಡಿದ್ದೆ. ಅವನು ಉಗುಳಿ ಹೊರಗೆ ಹೋದ. ಮುಂದಿನ ವಾರದಿಂದ ಅವನ ಲಾರಿ ಮತ್ತೆ ಬಂತು. ನನ್ನನ್ನು ತೂಕದ ಕೆಲಸದಿಂದ ತೆಗೆದು, ಮನೆ ಮನೆಗೆ ಹೋಗುವ ಆಟೋಗೆ ಹಾಕಿದರು. ನಾಲ್ಕೂ ಊರಿನ ಗಾಡಿಗಳಲ್ಲಿ ಸೂಜಿಗೆಂದೇ ಬೇರೆ ಡಬ್ಬ ಇಡಬೇಕೆಂದು ಹಟ ಹಿಡಿದು ಮಾಡಿಸಿದವರು ದೊಡ್ಡಕ್ಕ. ನಾನು ಒಪ್ಪಿಕೊಂಡ ದಿನವೇ ಅವರು ಸಂಜೆಯ ಬಸ್ಸಿಗೆ ದಿಬ್ಬೂರಹಳ್ಳಿಗೆ ಹೋಗಿದ್ದರು. ಮೂರು ತಿಂಗಳ ಪರೀಕ್ಷೆಯಲ್ಲೂ ಅವರಿಗೆ ಏನೂ ಬರಲಿಲ್ಲ. ಆಮೇಲೆ ಎದುರಿಗೆ ಸಿಕ್ಕಾಗಲೆಲ್ಲ ಮಾತಾಡಿಸುತ್ತಿದ್ದರು. ಆದರೆ ‘ಅಪ್ಪಾ’ ಎನ್ನಲಿಲ್ಲ, ‘ಸಾರ್’ ಎನ್ನುತ್ತಿದ್ದರು.

ನಾನು ಆ ಕೆಲಸ ಬಿಟ್ಟು ವರ್ಷಗಳಾಗಿದ್ದವು; ಆ ಮುಚ್ಚಳ ಸಿಕ್ಕಿದ ಮರುದಿನ ಶೆಡ್ಡಿಗೆ ಹೋಗಿ ದೊಡ್ಡಕ್ಕನನ್ನು ವಿಚಾರಿಸಿದೆ. ಈ ಬೇಸಿಗೆಯಲ್ಲೇ ತೀರಿಹೋದರು ಎಂದರು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲವಂತೆ... ಹೋದ ಭಾನುವಾರ ದಿಬ್ಬೂರಹಳ್ಳಿಗೆ ಹೋದೆ. ಮಗಳು ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಕೆಲಸದ ಜಾಗದಲ್ಲಿ ಪರಿಚಯ ಎಂದೆ. ಕಾಫಿ ಕೊಟ್ಟು ಎದುರಿಗೆ ಕೂತಳು.

“ಆ ಕೆಲ್ಸ ಅಂದ್ರೆ ನಮ್ಮಮ್ಮಂಗೆ ಜೀವ. ನನ್ನ ಬಾಣಂತನಕ್ಕೂ ರಜೆ ಹಾಕಲಿಲ್ಲ ಅಣ್ಣ. ತವರಿಗೆ ಕರ್ಕೊಂಡು ಹೋಗಲಿಲ್ಲ ಅಂತ ಈ ಮನೇಲಿ ನಾನು ಕೇಳದೇ ಇರೋ ಮಾತಿಲ್ಲ. ಆಮೇಲೆ ಅವಳ ಜೊತೆ ಮನಸ್ಸಿಟ್ಟು ಮಾತಾಡಿದ್ದೇ ಇಲ್ಲ ನಾನು.”

ದೊಡ್ಡಕ್ಕ ಕೊನೆಯವರೆಗೂ ಮಗಳಿಗೆ ಹೇಳಿರಲಿಲ್ಲ. ಎದ್ದು ಬಂದುಬಿಡಬಹುದಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಲೋಟವನ್ನು ನೆಲದ ಮೇಲಿಟ್ಟು ಹೇಳಿದೆ. ಮೂವತ್ನಾಲ್ಕು ದಿನ ಮುಚ್ಚಿಟ್ಟೆ ಎಂಬುದನ್ನೂ ಹೇಳಿದೆ.

ಅವಳು ಅಳಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕರೆದು ಮಡಿಲಿಗೆ ಎಳೆದುಕೊಂಡಳು. ಮಗುವಿನ ತಲೆಯ ಮೇಲೆ ಗದ್ದವೂರಿದಳು.

“ಇದನ್ನ ನಮ್ಮಮ್ಮ ಇದ್ದಾಗ ಬಂದು ಹೇಳಕ್ಕಾಗಲಿಲ್ವಾ ಅಣ್ಣ?” ಎಂದಳು.